ಹಲ್ಲುಸೆಟ್ಟಿನ ಗುಣ ಬೇಯಿಸುವಾಗಲೇ ತೀರ್ಮಾನ

ಹಲ್ಲುಸೆಟ್ಟಿನ ಗುಲಾಬಿ ವಸಡನ್ನು ಬೆಳಕಿಗೆ ಹಿಡಿದು ನೋಡಿ. ದಪ್ಪಗಿರುವ ಕಡೆ ಒಳಗೆ ಸಣ್ಣ ಸಣ್ಣ ಗುಳ್ಳೆಗಳು ಕಂಡರೆ, ಲ್ಯಾಬಿನಲ್ಲಿ ಅವಸರವಾಗಿದೆ ಎಂದೇ ಬಹುಮಟ್ಟಿಗೆ ತಿಳಿಯಬಹುದು.

ಆ ವಸಡು ಅಕ್ರಿಲಿಕ್ ರೆಸಿನ್ನಿನದು. 1930ರ ದಶಕದ ಕೊನೆಗೆ ಬಂದು, ಅಲ್ಲಿಯವರೆಗೆ ಬಳಕೆಯಲ್ಲಿದ್ದ ಗಡಸು ರಬ್ಬರನ್ನು ಬದಿಗೆ ಸರಿಸಿದ ವಸ್ತು. ಮೂರು ಪಾಲು ಪಾಲಿಮರ್ ಪುಡಿಗೆ ಒಂದು ಪಾಲು ಮಾನೋಮರ್ ದ್ರವ ಹಾಕಿ ಕಲಸುತ್ತಾರೆ. ಮೊದಲು ಮರಳುಮರಳು, ಆಮೇಲೆ ಎಳೆ ಬರುವ ಅಂಟು. ಕೈಗೆ ಹತ್ತದ ಮುದ್ದೆಯಾದಾಗ ಅಚ್ಚಿಗೆ ತುಂಬಬೇಕು. ಈ ಅಳತೆ ಸುಮ್ಮನೆ ಬಂದದ್ದಲ್ಲ. ಬರೀ ಮಾನೋಮರ್ ಗಟ್ಟಿಯಾದರೆ ಗಾತ್ರದಲ್ಲಿ ಸುಮಾರು 21 ಶೇಕಡಾ ಕುಗ್ಗುತ್ತದೆ. ಪುಡಿ ಬೆರೆತರೆ ಸುಮಾರು 7. ಕಲಸಲು ಸುಲಭವೆಂದು ದ್ರವ ಹೆಚ್ಚಿಸಿದಷ್ಟೂ ಸೆಟ್ಟು ಅಂಗುಳಕ್ಕೆ ಕೂರುವುದು ಕಷ್ಟವಾಗುತ್ತದೆ.

ನಿಜವಾದ ಪರೀಕ್ಷೆ ಬಿಸಿನೀರಿನ ತೊಟ್ಟಿಯಲ್ಲಿ. ಸುಮಾರು 60 ಡಿಗ್ರಿ ಸೆಲ್ಸಿಯಸ್ ದಾಟಿದಾಗ ಪುಡಿಯಲ್ಲಿರುವ ಬೆಂಜಾಯಿಲ್ ಪೆರಾಕ್ಸೈಡ್ ಒಡೆದು ಮಾನೋಮರ್ ಅಣುಗಳು ಸರಪಳಿಯಾಗತೊಡಗುತ್ತವೆ. ಈ ಕ್ರಿಯೆ ತಾನೇ ಶಾಖ ಹೊರಹಾಕುತ್ತದೆ. ತೆಳುವಾದ ಕಡೆ ಆ ಶಾಖವನ್ನು ಸುತ್ತಲಿನ ಅಚ್ಚಿನ ಗಾರೆ ಎಳೆದುಕೊಳ್ಳುತ್ತದೆ, ದಪ್ಪಗಿರುವ ಕಡೆ ಅದು ಒಳಗೇ ಉಳಿಯುತ್ತದೆ. ಮಾನೋಮರ್ ಕುದಿಯುವುದು 100.8 ಡಿಗ್ರಿಗೆ. ಅಚ್ಚನ್ನು ನೇರವಾಗಿ ಕುದಿನೀರಿಗೆ ಇಳಿಸಿದರೆ ಒಳಗಿನ ಬಿಸಿ ಆ ಮಿತಿ ಮೀರಿ, ಆವಿ ಅಲ್ಲೇ ಸಿಕ್ಕಿಬೀಳುತ್ತದೆ. ಗುಳ್ಳೆ ಹುಟ್ಟುವುದು ಹೀಗೆ. ಅದಕ್ಕೇ 74 ಡಿಗ್ರಿಯಲ್ಲಿ ಎಂಟು ಗಂಟೆಗೂ ಹೆಚ್ಚು ಹೊತ್ತು ಇಡುವ ಪದ್ಧತಿ; ಇಲ್ಲವೇ ಅದೇ ಬಿಸಿಯಲ್ಲಿ ಎರಡು ಗಂಟೆ ಇಟ್ಟು, ಕೊನೆಗೆ 100 ಡಿಗ್ರಿಯಲ್ಲಿ ಒಂದು ಗಂಟೆ.

ಕೊನೆಯ ಆ ಒಂದು ಗಂಟೆಯನ್ನು ಉಳಿಸಲು ಹೋಗಬಾರದು ಎನ್ನುವುದು ನನ್ನ ಖಚಿತ ಅಭಿಪ್ರಾಯ. ಸರಪಳಿಗೆ ಸೇರದೆ ಉಳಿದ ಮಾನೋಮರ್ ಅದರಿಂದ ಕಡಿಮೆಯಾಗುತ್ತದೆ. ಉಳಿದರೆ ರೆಸಿನ್ ಮೆತ್ತಗಾಗುತ್ತದೆ, ಕೆಲವರಿಗೆ ಬಾಯುರಿಯೂ ಬರುತ್ತದೆ. ಸರಿಯಾಗಿ ಬೇಯಿಸಿದ್ದರಲ್ಲಿ ಹೀಗೆ ಉಳಿಯುವ ಮಾನೋಮರ್ ಅರ್ಧ ಶೇಕಡಾದೊಳಗೆ ಇರುತ್ತದೆ. ಬಿಸಿಯಿಲ್ಲದೆ ತಾನಾಗಿ ಗಟ್ಟಿಯಾಗುವ ರೆಸಿನ್ನಿನಲ್ಲಿ 3ರಿಂದ 5 ಶೇಕಡಾ.

ಈಗ ಕಂಪ್ಯೂಟರ್ ಯಂತ್ರಗಳು ಹೆಚ್ಚು ಒತ್ತಡದಲ್ಲಿ ಮೊದಲೇ ಗಟ್ಟಿಯಾದ ಬಿಲ್ಲೆಯಿಂದ ಸೆಟ್ಟು ಕೆತ್ತುತ್ತವೆ. ಕುಗ್ಗುವುದೆಲ್ಲ ಕೆತ್ತುವ ಮುಂಚೆಯೇ ಮುಗಿದಿರುತ್ತದೆ. ತ್ರೀಡಿ ಮುದ್ರಣದ ಸೆಟ್ಟು ಹಾಗಲ್ಲ: ತೊಳೆದು, ಮತ್ತೆ ಬೆಳಕಿನಡಿ ಇಟ್ಟು ಪೂರ್ತಿ ಗಟ್ಟಿಮಾಡಲೇಬೇಕು.

ಬಿಸಿನೀರಿನ ಪದ್ಧತಿಗೆ ಮರಳಿದರೆ, ಬೆಂದ ಅಚ್ಚನ್ನು ಒಮ್ಮೆಲೇ ತಣ್ಣೀರಿಗೆ ಹಾಕಿದರೂ ತೊಂದರೆಯೇ. ಗಾರೆ ಮತ್ತು ರೆಸಿನ್ ಒಂದೇ ಸಮ ಕುಗ್ಗುವುದಿಲ್ಲ. ಆ ಎಳೆದಾಟ ಒಳಗೆ ಬಿಗಿತವಾಗಿ ಉಳಿಯುತ್ತದೆ. ಮನೆಯಲ್ಲಿ ಸೆಟ್ಟನ್ನು ಕುದಿಯುವ ನೀರಲ್ಲಿ ತೊಳೆದರೆ ಆ ಬಿಗಿತ ಸಡಿಲಗೊಂಡು ಆಕಾರ ಸೊಟ್ಟಗಾಗುತ್ತದೆ. ಅದನ್ನು ತೊಳೆಯಲು ತಣ್ಣೀರು ಅಥವಾ ಉಗುರುಬೆಚ್ಚಗಿನ ನೀರೇ ಸಾಕು.