ತುಮಕೂರು ಜಿಲ್ಲೆ ಗ್ರೀನ್‌ಲ್ಯಾಂಡಿಗೆ ಹೋದರೆ

ತುಮಕೂರು ಜಿಲ್ಲೆಯನ್ನು ಗಡಿ ಸಮೇತ ಎತ್ತಿಕೊಂಡು ಹೋಗಿ ಗ್ರೀನ್‌ಲ್ಯಾಂಡಿನ ನಡುವೆ, 72 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ ಇಳಿಸಿದೆವು ಅನ್ನಿ. ಮರ್ಕೇಟರ್ ನಕ್ಷೆಯಲ್ಲಿ ಆ ಜಿಲ್ಲೆ ಈಗ ಕಾಣುವುದಕ್ಕಿಂತ ಹತ್ತು ಪಟ್ಟು ದೊಡ್ಡದಾಗಿ ಕಾಣುತ್ತದೆ. ಇರುವುದು ಅದೇ 10,597 ಚದರ ಕಿ.ಮೀ., ಒಂದು ಗುಂಟೆಯೂ ಕೂಡಿಲ್ಲ. ಆದರೂ ಅರ್ಧ ಕರ್ನಾಟಕವನ್ನು ಮೀರಿಸುವ ಗಾತ್ರ!

1569ರಲ್ಲಿ ಮರ್ಕೇಟರ್ ಈ ನಕ್ಷೆ ಬರೆದದ್ದು ಹಡಗಿನವರಿಗಾಗಿ. ದಿಕ್ಸೂಚಿ ತೋರಿದ ಕೋನ ಕಾಗದದ ಮೇಲೂ ಅದೇ ಕೋನವಾಗಿರಬೇಕಿತ್ತು. ಧ್ರುವದಲ್ಲಿ ಒಂದಾಗುವ ರೇಖಾಂಶಗಳನ್ನು ಆತ ಕಂಬಗಳಂತೆ ನೆಟ್ಟಗೆ ನಿಲ್ಲಿಸಿದ. ಅಡ್ಡಕ್ಕೆ ಹಿಗ್ಗಿದಷ್ಟನ್ನು ಉದ್ದಕ್ಕೂ ಹಿಗ್ಗಿಸಿದ. ಬೇರೆ ದಾರಿಯಲ್ಲಿ ಹೋಗಿದ್ದರೂ ಏನಾದರೊಂದು ಕೆಡುತ್ತಿತ್ತು. ಚೇಳೂರಿನ ಹಲಸಿನ ಸಿಪ್ಪೆಯನ್ನು ಹರಿಯದೆ, ಎಳೆಯದೆ ಮೇಜಿನ ಮೇಲೆ ಚಪ್ಪಟೆ ಹಾಸಿ ನೋಡಿ. ಆಗದು ಎಂಬುದನ್ನು 1827ರಲ್ಲಿ ಗೌಸ್ ಗಣಿತದಿಂದಲೇ ತೋರಿಸಿಕೊಟ್ಟ.

ಹಾಗಾಗಿ 21.66 ಲಕ್ಷ ಚದರ ಕಿ.ಮೀ.ನ ಗ್ರೀನ್‌ಲ್ಯಾಂಡ್ ನಕ್ಷೆಯಲ್ಲಿ 32.87 ಲಕ್ಷದ ಭಾರತಕ್ಕಿಂತ ಎಷ್ಟೋ ದೊಡ್ಡದು. ತನಗಿಂತ 14 ಪಟ್ಟು ದೊಡ್ಡದಾದ ಆಫ್ರಿಕಾಕ್ಕೆ ಸರಿಸಾಟಿ. ತುಮಕೂರು ಇರುವ 13 ಡಿಗ್ರಿ ಚಿಲ್ಲರೆಯಲ್ಲಿ ವಿಸ್ತೀರ್ಣ ಉಬ್ಬುವುದು ನೂರಕ್ಕೆ ಐದೂವರೆಯಷ್ಟೇ. ನಕ್ಷೆ ನಮ್ಮನ್ನು ಕುಗ್ಗಿಸಿತು ಎಂಬ ದೂರು ಪೂರ್ತಿ ಸರಿಯಲ್ಲ. ಗುಬ್ಬಿ ಗುಬ್ಬಿಯಾಗಿಯೇ ಇದೆ, ಉತ್ತರದವರು ಆನೆಯಾಗಿದ್ದಾರೆ.

ನನಗೆ ಹೆಚ್ಚು ಬೆರಗು ಹುಟ್ಟಿಸಿದ್ದು ಬೇರೆ ಲೆಕ್ಕ. ಮರ್ಕೇಟರನ ಅದೇ ಉಪಾಯವನ್ನು ಅಡ್ಡ ಮಲಗಿಸಿ, ಭೂಮಿಯನ್ನು 6 ಡಿಗ್ರಿ ಅಗಲದ 60 ಪಟ್ಟಿಗಳಾಗಿ ಸೀಳಿದರೆ ಸಿಗುವುದು ಯುಟಿಎಂ. ಸರ್ವೇ ಆಫ್ ಇಂಡಿಯಾದ ಓಪನ್ ಸೀರೀಸ್ ನಕ್ಷೆಗಳು ಇದನ್ನೇ ಬಳಸುತ್ತವೆ. ನಮ್ಮದು 43ನೇ ಪಟ್ಟಿ. ಅದರ ನಡುಗೆರೆ ಕಾಸರಗೋಡಿನ ಬಳಿ ಹಾಯುವ 75 ಡಿಗ್ರಿ ರೇಖಾಂಶ. ಲೆಕ್ಕ ಹಾಕಿದರೆ ಒಂದು ಕಿ.ಮೀ.ಗೆ ಬರುವ ತಪ್ಪು ತುಮಕೂರಿನಲ್ಲಿ ಸುಮಾರು 24 ಸೆಂ.ಮೀ., ಕುಣಿಗಲ್‌ನಲ್ಲಿ 20, ಗುಬ್ಬಿಯಲ್ಲಿ 14. ತುಮಕೂರಿನಿಂದ ಗುಬ್ಬಿಗೆ ಹಕ್ಕಿ ಹಾರುವ ದೂರ ಹದಿನೇಳು ಹದಿನೆಂಟು ಕಿ.ಮೀ. ಅಷ್ಟಕ್ಕೂ ಸೇರಿ ತಪ್ಪುವುದು ಮೂರು ಮೀಟರ್ ಚಿಲ್ಲರೆ. ಹಳೆಯ ಮರ್ಕೇಟರ್‌ನಲ್ಲಿ ಸಮಭಾಜಕದ ಅಳತೆಗೋಲನ್ನೇ ಇಲ್ಲಿ ಇಟ್ಟು ಅಳೆದರೆ ಹೆಚ್ಚುಕಡಿಮೆ ಅರ್ಧ ಕಿ.ಮೀ.

ಮರ್ಕೇಟರ್ ನಕ್ಷೆಯ ಈ ಹಿಗ್ಗನ್ನು ಕಣ್ಣಾರೆ ಕಾಣಬೇಕಾದರೆ ಓಪನ್‌ಸ್ಟ್ರೀಟ್‌ಮ್ಯಾಪ್ ತೆರೆದು, ಕುಣಿಗಲ್ ಕೆರೆಯಿಂದ ನೇರ ಉತ್ತರಕ್ಕೆ ನಕ್ಷೆಯನ್ನು ಜಾರಿಸುತ್ತ ಹೋಗಿ. ಗಾತ್ರ ಬದಲಿಸಬೇಡಿ, ಮೂಲೆಯ ಅಳತೆಪಟ್ಟಿಯ ಮೇಲೆ ಕಣ್ಣಿಡಿ. ಕೆರೆಯ ಬಳಿ ಒಂದು ಕಿ.ಮೀ. ಅನ್ನಿಸಿಕೊಂಡ ಗೆರೆ, ಸೈಬೀರಿಯಾದಲ್ಲಿ 72 ಡಿಗ್ರಿ ಮುಟ್ಟುವಾಗ ಬರೀ 317 ಮೀಟರ್.