ಬೂತಾಯಿಯ ಹೋಕುಬರವು

ಮಂಗಳೂರು, ಮಲ್ಪೆಗಳ ಬಂದರಿನಿಂದ ಮಂಜುಗಡ್ಡೆಯ ಪೆಟ್ಟಿಗೆಗಳಲ್ಲಿ ಘಟ್ಟವನ್ನೇರಿ ಮೈಸೂರಿನ ಮಾರುಕಟ್ಟೆಯನ್ನು ಸೇರುವ ಬೂತಾಯಿ ಮೀನು ಒಂದು ವರ್ಷ ಸೂರೆಗೊಟ್ಟಂತೆ ಸಿಕ್ಕಿ ಇನ್ನೊಂದು ವರ್ಷ ಹೆಸರಿಗೂ ಇಲ್ಲದಂತಾಗುವುದೇಕೆ, ಪತ್ರಿಕೆಗಳು ಬರೆಯುವಂತೆ ಇದೆಲ್ಲವೂ ಭೂಮಿಯ ತಾಪ ಏರಿದುದರ ಫಲವೇ, ಎಂದು ನಜರ್‌ಬಾದಿನ ವಾಚಕರೊಬ್ಬರು ಕೇಳಿದ್ದಾರೆ. ಘಟ್ಟದಿಂದೀಚೆ ಕುಳಿತವರಿಗೆ ಕಡಲಿನ ಚಿಂತೆ ಏತಕ್ಕೆಂದು ಯಾರೂ ಹುಬ್ಬೇರಿಸಬೇಕಾಗಿಲ್ಲ. ಹಳೆಯ ಮೈಸೂರು ಸಂಸ್ಥಾನಕ್ಕೆ ಕಡಲತೀರವೆಂಬುದು ಇರಲಿಲ್ಲ, ನಿಜ. ಆದರೆ 1956ರ ನವೆಂಬರ್ 1ರಂದು, ಕಾಸರಗೋಡನ್ನು ಕಳೆದುಕೊಂಡ ದಕ್ಷಿಣ ಕನ್ನಡ ಮದರಾಸಿನ ಕಡೆಯಿಂದಲೂ ಉತ್ತರ ಕನ್ನಡ ಮುಂಬಯಿಯ ಕಡೆಯಿಂದಲೂ ಬಂದು ಕೂಡಿದಂದಿನಿಂದ, ಸುಮಾರು 300 ಕಿಲೋಮೀಟರ್ ಉದ್ದದ ಕರಾವಳಿಯ ಸುಖದುಃಖಗಳು ಮೈಸೂರಿನವರಿಗೂ ಸಲ್ಲತಕ್ಕವಾಗಿವೆ.

ಬೂತಾಯಿಯ ಚಂಚಲಸ್ವಭಾವ ಇಂದಿನದಲ್ಲ. ದಕ್ಷಿಣ ಕನ್ನಡವಿನ್ನೂ ಮದರಾಸು ಆಧಿಪತ್ಯದಲ್ಲಿದ್ದಾಗ ಅಲ್ಲಿನ ಮೀನುಗಾರಿಕೆಯ ಇಲಾಖೆಯ ಮುಖ್ಯಸ್ಥರಾಗಿದ್ದ ಜೇಮ್ಸ್ ಹಾರ್ನೆಲ್ ಅವರೂ ಅವರ ಸಹೋದ್ಯೋಗಿ ನಾಯುಡು ಅವರೂ 1920ರ ದಶಕದಲ್ಲಿ ಈ ಮೀನಿನ ಜೀವನಚರಿತ್ರೆಯನ್ನು ಶ್ರದ್ಧೆಯಿಂದ ಬರೆದಿಟ್ಟರು. ಮಳೆಗಾಲದಲ್ಲಿ ಮೊಟ್ಟೆಯಿಡುವ, ಒಂದು ವರ್ಷದೊಳಗಾಗಿ ಪ್ರಾಯಕ್ಕೆ ಬರುವ, ಎರಡು ಮೂರು ವರ್ಷಕ್ಕೇ ಆಯುಷ್ಯ ಮುಗಿಸುವ ಪ್ರಾಣಿ ಇದು. ಇಷ್ಟು ಅಲ್ಪಾಯುವಾದುದಕ್ಕೆ ಹಳೆಯ ತಲೆಮಾರುಗಳ ಕೂಡಿಟ್ಟ ಬಂಡವಾಳವಿರುವುದಿಲ್ಲ. ಒಂದು ಮಳೆಗಾಲದ ಮರಿಗಳು ಉಳಿಯದೆ ಹೋದರೆ ಮರುವರ್ಷದ ಬಲೆ ಬರಿದಾಗುತ್ತದೆ. ಇನ್ನು ಅದರ ಆಹಾರದ ಮಾತು. ಬೂತಾಯಿಯ ಕಿವಿರಿನ ಮುಚ್ಚಳವನ್ನೆತ್ತಿ ನೋಡಿದವರಿಗೆ ಒಳಗೆ ಒತ್ತೊತ್ತಾಗಿ ಸಾಲುಗಟ್ಟಿದ ಕೂದಲಿನಷ್ಟು ನವುರಾದ ಎಳೆಗಳು ಕಾಣುತ್ತವೆ. ಬಾಯಿ ತೆರೆದು ಈಜುವಾಗ ನೀರನ್ನು ಹೊರಬಿಟ್ಟು, ಬರಿಗಣ್ಣಿಗೆ ಬೀಳದ ಪ್ಲವಕಗಳನ್ನು ಸೋಸಿ ಹಿಡಿಯುವ ಸಲಕರಣೆ ಅದು. ಆ ಪ್ಲವಕಗಳಲ್ಲಿಯೂ ಫ್ರಾಜಿಲೇರಿಯಾ ಓಷಿಯಾನಿಕಾ ಎಂಬ ಒಂದು ಡಯಾಟಮ್, ಎಂದರೆ ಸೂಕ್ಷ್ಮವಾದ ಪಾಚಿ, ಸಮೃದ್ಧವಾಗಿರುವ ವರ್ಷ ಬೂತಾಯಿಯೂ ಸಮೃದ್ಧವೆಂದು ನಾಯರ್ ಮತ್ತು ಸುಬ್ರಹ್ಮಣ್ಯನ್ ಎಂಬ ವಿಜ್ಞಾನಿಗಳು 1955ರಲ್ಲಿ ತಿಳಿಸಿದರು. ಅಂದಮೇಲೆ ಮೀನಿನ ಲೆಕ್ಕ ಹಾಕಲು ಹೊರಟವನು ಮೊದಲು ಈ ಪಾಚಿಯ ಲೆಕ್ಕ ಹಾಕಬೇಕು; ಪಾಚಿಗೆ ಗೊಬ್ಬರ ಎಲ್ಲಿಂದ ಬರುತ್ತದೆಂದು ವಿಚಾರಿಸಬೇಕು.

ಬೇಸಗೆಯ ಮಧ್ಯಾಹ್ನ ಕುಕ್ಕರಹಳ್ಳಿಯಂಥ ಕೆರೆಯೊಂದಕ್ಕೆ ಇಳಿದು ಎದೆಮಟ್ಟದ ನೀರಿನಲ್ಲಿ ನಿಂತರೆ, ಹೆಗಲಿಗೆ ತಾಕುವ ನೀರು ಬೆಚ್ಚಗಿದ್ದು ಪಾದಕ್ಕೆ ತಾಕುವ ನೀರು ತಣ್ಣಗಿರುವುದು ಅನುಭವಕ್ಕೆ ಬರುತ್ತದೆ. ಬಿಸಿಯ ನೀರು ಹಗುರ, ತಣ್ಣನೆಯದು ಭಾರ. ಆದುದರಿಂದ ಒಂದರ ಮೇಲೊಂದು ಪದರವಾಗಿ ನಿಂತು, ಗಾಳಿ ಬಲವಾಗಿ ಕಲಕುವವರೆಗೂ ಅವು ಬೆರೆಯಲೊಲ್ಲವು. ಕೊಳೆತ ಎಲೆ, ಸತ್ತ ಹುಳು ಎಲ್ಲವೂ ತಳಕ್ಕಿಳಿದು ಕರಗುವುದರಿಂದ ಗೊಬ್ಬರವೆಲ್ಲ ಕೆಳಪದರದಲ್ಲಿ, ಬಿಸಿಲೆಲ್ಲ ಮೇಲುಪದರದಲ್ಲಿ. ಪಾಚಿಗೆ ಎರಡೂ ಬೇಕು. ಅರಬ್ಬೀ ಸಮುದ್ರದ ಕಥೆಯೂ ಇದೇ.

ಈ ಎರಡು ಪದರಗಳನ್ನು ಕೂಡಿಸುವ ಉಪಾಯವನ್ನು ಕಂಡುಕೊಂಡವರ ಕಥೆ ಉತ್ತರಧ್ರುವದ ಸಮೀಪ ಪ್ರಾರಂಭವಾಗುತ್ತದೆ. ನಾರ್ವೆಯ ಫ್ರಿಟ್ಯಾಫ್ ನಾನ್ಸೆನ್ 1893ರಿಂದ 1896ರವರೆಗಿನ ಯಾನದಲ್ಲಿ ತನ್ನ ಫ್ರಾಮ್ ನೌಕೆಯನ್ನು ಬೇಕೆಂದೇ ಹಿಮದಲ್ಲಿ ಸಿಕ್ಕಿಸಿ ತೇಲಬಿಟ್ಟಿದ್ದಾಗ, ಹಿಮದ ಹಲಗೆಗಳು ಗಾಳಿ ಬೀಸಿದ ದಿಕ್ಕಿಗೇ ಹೋಗದೆ ಅದರ ಬಲಕ್ಕೆ ಓರೆಯಾಗಿ ಸರಿಯುವುದನ್ನು ಗಮನಿಸಿದನು. ಭೂಮಿ ತಿರುಗುತ್ತಿರುವುದೇ ಇದಕ್ಕೆ ಕಾರಣವಿರಬೇಕೆಂದು ಊಹಿಸಿದನು. ಆ ಊಹೆಯನ್ನು ಗಣಿತಕ್ಕೆ ಒಗ್ಗಿಸಿದವನು ಸ್ವೀಡನ್ನಿನ ತರುಣ ವಾಲ್ಫ್ರಿಡ್ ಎಕ್ಮನ್. ಮೇಲಿನ ನೀರು ಗಾಳಿಗೆ ಓರೆಯಾಗಿ, ಅದರ ಕೆಳಗಿನದು ಇನ್ನಷ್ಟು ಓರೆಯಾಗಿ ಸರಿಯುತ್ತ ಹೋಗಿ, ಒಟ್ಟಾರೆ ಮೇಲುಪದರವು ಉತ್ತರಾರ್ಧಗೋಲದಲ್ಲಿ ಗಾಳಿಯ ಬಲಮಗ್ಗುಲಿಗೆ ಸಾಗುತ್ತದೆಂದು ಅವನು ತೋರಿಸಿದನು. ಹಿಮದ ನಾಡಿನ ಈ ಸಿದ್ಧಾಂತವನ್ನು ಮಲ್ಪೆಗೆ ತಂದು ನೋಡಿದರೆ ಚೋದ್ಯವಾಗುತ್ತದೆ. ಮುಂಗಾರಿನಲ್ಲಿ ನಮ್ಮ ತೀರದುದ್ದಕ್ಕೂ ಗಾಳಿಯ ಒಂದಂಶ ಉತ್ತರದಿಂದ ದಕ್ಷಿಣಕ್ಕೆ ಬೀಸುತ್ತದೆ. ಅದರ ಬಲಮಗ್ಗುಲೆಂದರೆ ಪಶ್ಚಿಮ, ಅರ್ಥಾತ್ ನಡುಗಡಲು. ಮೇಲಿನ ನೀರು ತೀರವನ್ನು ಬಿಟ್ಟು ಸರಿದಾಗ ತೆರವಾದ ಸ್ಥಳಕ್ಕೆ ತಳದ ತಣ್ಣನೆಯ, ಗೊಬ್ಬರ ತುಂಬಿದ ನೀರು ಏರಿ ಬರುತ್ತದೆ. ಪಾಚಿ ಮೊಳೆಯುತ್ತದೆ, ಬೂತಾಯಿ ಮೊಟ್ಟೆಯಿಡುವುದೂ ಆಗಲೇ.

ಈಗ ತಾಪದ ವಿಷಯ. ಮನುಷ್ಯನ ಹೊಗೆಯಿಂದ ಭೂಮಿಯಲ್ಲಿ ಉಳಿದುಹೋಗುವ ಹೆಚ್ಚುವರಿ ಶಾಖದ ಶೇಕಡಾ 90ಕ್ಕೂ ಮಿಕ್ಕಿದ ಪಾಲನ್ನು ಕಡಲು ಹೀರಿಕೊಳ್ಳುತ್ತದೆ. 1951ರಿಂದ 2015ರೊಳಗೆ ಹಿಂದೂ ಮಹಾಸಾಗರದ ಉಷ್ಣವಲಯದ ಮೇಲ್ಮೈ ಸುಮಾರು 1 ಡಿಗ್ರಿ ಸೆಲ್ಸಿಯಸ್ ಬಿಸಿಯಾಗಿದೆ. ಮೇಲುಪದರ ಬಿಸಿಯಾದಷ್ಟೂ ಹಗುರವಾಗಿ, ತಳದ ನೀರು ಅದನ್ನು ಭೇದಿಸಿ ಬರುವುದು ಕಷ್ಟವಾಗುತ್ತದೆ. ಬಿಸಿನೀರಿನಲ್ಲಿ ಆಮ್ಲಜನಕ ಕರಗುವುದೂ ಕಡಮೆ. ಏರಿ ಬರುವ ತಳದ ನೀರಿನಲ್ಲಿಯೂ ಆಮ್ಲಜನಕದ ಕೊರತೆ ಮೊದಲೇ ಉಂಟು. ನಮ್ಮ ಪಶ್ಚಿಮತೀರದಲ್ಲಿ ಆ ಕೊರತೆ ತೀವ್ರವಾಗುತ್ತಿರುವುದನ್ನು ಗೋವೆಯ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ನಖ್ವಿ ಮತ್ತು ಸಂಗಡಿಗರು 2000ದಲ್ಲಿಯೇ ಪ್ರಕಟಿಸಿದ್ದಾರೆ.

ಮೀನುಗಳು ಈ ಬದಲಾವಣೆಗೆ ಕೊಟ್ಟ ಉತ್ತರ ಕುತೂಹಲಕಾರಿಯಾದುದು. 1985ರವರೆಗೆ ದೇಶದ ಬೂತಾಯಿಯೆಲ್ಲವೂ ಹೆಚ್ಚುಕಡಮೆ 8ರಿಂದ 14 ಡಿಗ್ರಿ ಅಕ್ಷಾಂಶದೊಳಗೆ, ಎಂದರೆ ಕೇರಳ ಮತ್ತು ನಮ್ಮ ಕರಾವಳಿಯ ದಕ್ಷಿಣಭಾಗದಲ್ಲಿ ಸಿಕ್ಕುತ್ತಿತ್ತು. ಅನಂತರ ಅದು ಕಾರವಾರವನ್ನೂ ದಾಟಿ ಉತ್ತರಕ್ಕೆ, ಅತ್ತ ಬಂಗಾಳಕೊಲ್ಲಿಯ ಕಡೆಗೂ ಹಬ್ಬಿದುದನ್ನು ಕೇಂದ್ರೀಯ ಕಡಲ ಮೀನುಗಾರಿಕಾ ಸಂಶೋಧನಾಲಯದ ವಿವೇಕಾನಂದನ್ ಅವರು ತೋರಿಸಿದರು. ಬಂಗುಡೆಯಾದರೋ ಉತ್ತರಕ್ಕೆ ಹಬ್ಬುವುದರ ಜೊತೆಗೆ ಕೆಳಕ್ಕೂ ಇಳಿದಿದೆ. 1985–89ರಲ್ಲಿ ಬಂಗುಡೆಯ ಶೇಕಡಾ 2ರಷ್ಟು ಮಾತ್ರ ತಳವನ್ನು ಗೋರುವ ಟ್ರಾಲ್ ಬಲೆಗೆ ಬೀಳುತ್ತಿದ್ದರೆ, 2003–07ರ ಹೊತ್ತಿಗೆ ಅದು ಶೇಕಡಾ 15ರಷ್ಟಾಯಿತು. ಮೇಲಿನ ಬಿಸಿಯನ್ನು ತಾಳದೆ ತಂಪನ್ನರಸಿ ಹೋಗಿರಬೇಕೆಂಬುದು ಅವರ ತರ್ಕ.

ಇಷ್ಟನ್ನು ಒಪ್ಪಿಯೂ, ಬಲೆ ಬರಿದಾದಾಗಲೆಲ್ಲ ಹವಾಮಾನವನ್ನೇ ಕಟಕಟೆಗೆ ತರುವ ಈಚಿನ ರೂಢಿ ನನಗೆ ಹಿಡಿಸದು. ನೆರೆಯ ಕೇರಳದಲ್ಲಿ 2012ರಲ್ಲಿ 4 ಲಕ್ಷ ಟನ್ನಿನಷ್ಟಿದ್ದ ಬೂತಾಯಿ 2021ರಲ್ಲಿ 3,500 ಟನ್ನಿಗೂ ಕೆಳಗಿಳಿದಾಗ ಅದರ ಯುಗವೇ ಮುಗಿಯಿತೆಂದು ಶೋಕಿಸಿದವರು, 2024ರ ಮುಂಗಾರಿನ ತರುವಾಯ ಮರಿಗಳು ದಂಡುದಂಡಾಗಿ ತೀರಕ್ಕೆ ಬಂದಾಗ ಮೌನ ತಾಳಿದರು. 1940ರ ದಶಕದಲ್ಲಿಯೂ ಈ ಮೀನು ಹೀಗೆಯೇ ಕಣ್ಮರೆಯಾಗಿತ್ತು. ಗಾಬರಿಗೊಂಡ ಮದರಾಸು ಸರ್ಕಾರ ಎಳೆಯ ಮೀನನ್ನು ಹಿಡಿಯದಂತೆ 1943ರಲ್ಲಿ ನಿರ್ಬಂಧಗಳನ್ನು ಹೇರಿತು. ಅಂದಿನಿಂದ ಇಂದಿಗೆ ಬದಲಾದುದು ಬಲೆಯೂ ಹೌದು. ಆಗಿನ ಮೀನುಗಾರ ಊರಿಗೆ ಊರೇ ಸೇರಿ ದಡದಿಂದ ರಂಪಣಿ ಬಲೆ ಎಳೆಯುತ್ತಿದ್ದನು. ಮೀನು ತಾನಾಗಿ ತೀರಕ್ಕೆ ಬಂದರೆ ಉಂಟು, ಬಾರದಿದ್ದರೆ ಇಲ್ಲ. 1975–76ರಲ್ಲಿ ಮೀನಿನ ಹಿಂಡನ್ನು ಬಲೆಯಿಂದ ಸುತ್ತುವರಿದು ಹಿಡಿಯುವ ಪರ್ಸೀನ್ ಬೋಟುಗಳು ಬಂದ ಮೇಲೆ ರಂಪಣಿ ಮೂಲೆಗುಂಪಾಯಿತು, ಮೀನು ಇರುವಲ್ಲಿಗೇ ಬಲೆ ಹೋಗತೊಡಗಿತು. ಅನ್ನದ ತಟ್ಟೆಗೆ ಸಲ್ಲದಷ್ಟು ಚಿಕ್ಕದಾದ ಮೀನನ್ನೂ ಟನ್ನುಗಟ್ಟಲೆ ಕೊಂಡು ಪುಡಿಮಾಡಲು ಕರಾವಳಿಯ ಫಿಶ್‌ಮೀಲ್ ಕಾರ್ಖಾನೆಗಳು ಸಿದ್ಧವಾಗಿವೆ. ಜೂನ್, ಜುಲೈಗಳ 61 ದಿನ ಯಂತ್ರದ ಬೋಟುಗಳಿಗೆ ರಜೆಯುಂಟಾದರೂ, ಆ ರಜೆಯಲ್ಲಿ ಹುಟ್ಟಿದ ಮರಿ ಪ್ರಾಯಕ್ಕೆ ಬರುವುದು ಸುಮಾರು 15 ಸೆಂಟಿಮೀಟರ್ ಬೆಳೆದ ಮೇಲೆ. ಕೇರಳವು 2015ರಲ್ಲಿ ಗೊತ್ತುಮಾಡಿದ ಕನಿಷ್ಠ ಅಳತೆ 10 ಸೆಂಟಿಮೀಟರ್. ಕಾನೂನಿನ ಅಕ್ಷರಕ್ಕೆ ಎಳ್ಳಷ್ಟೂ ತಪ್ಪದಂತೆ, ಒಮ್ಮೆಯೂ ಮೊಟ್ಟೆಯಿಡದ ಮೀನನ್ನು ಹಿಡಿದು ಕಾರ್ಖಾನೆಗೆ ಸಾಗಿಸಬಹುದಾಗಿದೆ.