ಆರನೆಯ ಇಯತ್ತೆಯಿಂದ ಗಣಕವಿದ್ಯೆ

ಖರಾಡಿಯಲ್ಲಿ ವಾಸಿಸುವ ನಮಗೆ ಕಂಪ್ಯೂಟರು ಅಪರೂಪದ ವಸ್ತುವೇನೂ ಅಲ್ಲ. ನಗರ ರಸ್ತೆಯನ್ನು ಬಿಟ್ಟು ಸ್ವಲ್ಪ ಒಳಕ್ಕೆ ಬಂದರೆ ಈಯಾನ್ ಐಟಿ ಪಾರ್ಕು, ವರ್ಲ್ಡ್ ಟ್ರೇಡ್ ಸೆಂಟರಿನ ಗೋಪುರಗಳು; ಹಗಲಿರುಳೂ ಅಲ್ಲಿ ನಡೆಯುವುದು ಅದರದೇ ಕೆಲಸ. ನಮ್ಮ ವಾಚಕರಲ್ಲಿ ಅನೇಕರು ಅಲ್ಲಿ ಪ್ರೋಗ್ರಾಮು ಬರೆಯುವವರು. ಅವೇ ಕಟ್ಟಡಗಳ ಗೇಟಿನಲ್ಲಿ ಕಾವಲು ನಿಲ್ಲುವವರೂ, ಪಕ್ಕದಲ್ಲಿ ಏಳುತ್ತಿರುವ ಹೊಸ ಕಟ್ಟಡಕ್ಕೆ ಸಿಮೆಂಟು ಹೊರುವವರೂ, ಕಲಬುರಗಿ ಯಾದಗಿರಿಗಳ ಕಡೆಯಿಂದ ಬಂದ ನಮ್ಮವರೇ ಇದ್ದಾರೆ. ಎರಡೂ ಬಗೆಯ ಮನೆಗಳ ಮಕ್ಕಳು ಸಂಜೆ ನಮ್ಮ ವಾಚನಾಲಯದ ಒಂದೇ ಬೆಂಚಿನ ಮೇಲೆ ಕುಳಿತುಕೊಳ್ಳುತ್ತಾರೆ. ಒಬ್ಬನು ಹಣ ಕೊಟ್ಟು ಕೋಡಿಂಗ್ ಕ್ಲಾಸಿಗೆ ಹೋಗಿ ಬಂದಿರುತ್ತಾನೆ. ಇನ್ನೊಬ್ಬನಿಗೆ ತನ್ನ ಶಾಲೆಯ ಕಂಪ್ಯೂಟರ್ ಕೋಣೆಯ ವಿಷಯದಲ್ಲಿ ಗೊತ್ತಿರುವುದು ಅದರ ಬೀಗದ ಬಣ್ಣ ಮಾತ್ರ.

2020ರ ರಾಷ್ಟ್ರೀಯ ಶಿಕ್ಷಣ ನೀತಿಯು 6ರಿಂದ 8ನೆಯ ಇಯತ್ತೆಯ ಹಂತದಲ್ಲಿ ಕೋಡಿಂಗ್ ಚಟುವಟಿಕೆಗಳನ್ನು ತರಬೇಕೆಂದಿತು. 2025ರ ಅಕ್ಟೋಬರಿನಲ್ಲಿ ಕೇಂದ್ರ ಶಿಕ್ಷಣ ಮಂತ್ರಾಲಯವು ಇನ್ನೂ ಮುಂದೆ ಹೋಗಿ, 2026-27ರಿಂದ 3ನೆಯ ಇಯತ್ತೆಯಿಂದಲೇ ಇದನ್ನೂ ಕೃತಕ ಬುದ್ಧಿಮತ್ತೆಯ ಪರಿಚಯವನ್ನೂ ಆರಂಭಿಸುವ ಯೋಜನೆಯನ್ನು ಪ್ರಕಟಿಸಿತು. ಅಂದಿನಿಂದ ನಮ್ಮ ಪಾಲಕರಲ್ಲಿ ಇದೇ ಚರ್ಚೆ. ಕಡ್ಡಾಯ ಬೇಡವೆನ್ನುವವರು, ‘ಮಕ್ಕಳ ಕಣ್ಣು ಮೊದಲೇ ಮೊಬೈಲಿಗೆ ಅಂಟಿಕೊಂಡಿದೆ, ಶಾಲೆಯೂ ಅದನ್ನೇ ಕಲಿಸಬೇಕೇ?’ ಎಂದು ಕೇಳುತ್ತಾರೆ. ಹಗುರವಾಗಿ ತಳ್ಳಿಹಾಕುವ ಮಾತಲ್ಲ. ಆದರೆ ಈ ವಿದ್ಯೆಯೆಂದರೆ ಏನೆಂಬುದನ್ನು ನೋಡಿದ ಮೇಲೆ ತೀರ್ಮಾನಿಸುವುದು ಒಳ್ಳೆಯದು.

ನಮ್ಮ ಕಪಾಟಿನಲ್ಲಿ ಸಾವಿರ ಪುಸ್ತಕಗಳಿವೆ ಎಂದು ಇಟ್ಟುಕೊಳ್ಳೋಣ. ಅವು ಹೇಗೆಂದರೆ ಹಾಗೆ ಬಿದ್ದಿದ್ದರೆ, ಬೇಕಾದ ಒಂದು ಪುಸ್ತಕಕ್ಕಾಗಿ ಕೆಲವೊಮ್ಮೆ ಸಾವಿರವನ್ನೂ ತಿರುವಿಹಾಕಬೇಕಾದೀತು. ಅಕಾರಾದಿಯಾಗಿ ಜೋಡಿಸಿದ್ದರೋ? ನಟ್ಟನಡುವಿನ ಪುಸ್ತಕವನ್ನು ನೋಡಿರಿ. ನಿಮ್ಮದು ಅದಕ್ಕಿಂತ ಮುಂಚೆ ಬರುವುದಾದರೆ ಬಲಗಡೆಯ ಅರ್ಧವನ್ನು ಬಿಟ್ಟುಬಿಡಿರಿ. ಉಳಿದ ಅರ್ಧದ ನಡುವನ್ನು ನೋಡಿರಿ. ಹೀಗೆ ಹತ್ತು ಸಲಕ್ಕೆ ಹೆಚ್ಚಾಗದಂತೆ ಪುಸ್ತಕ ಕೈಗೆ ಬರುತ್ತದೆ. ಹತ್ತು ಲಕ್ಷ ಪುಸ್ತಕಗಳಿದ್ದರೂ ಇಪ್ಪತ್ತು ಸಲ ಸಾಕು! ಇದೇ ಗಣಕವಿದ್ಯೆಯ ತಿರುಳು: ಕೆಲಸವನ್ನು ತಪ್ಪಿಲ್ಲದ ಹೆಜ್ಜೆಗಳಾಗಿ ಒಡೆಯುವುದು, ಹೆಜ್ಜೆ ತಪ್ಪಿದರೆ ಎಲ್ಲಿ ತಪ್ಪಿತೆಂದು ಹುಡುಕುವುದು, ಕಡಿಮೆ ಹೆಜ್ಜೆಯ ದಾರಿ ಯಾವುದೆಂದು ಕೇಳುವುದು. ಚುಕ್ಕಿ ಎಣಿಸಿ ರಂಗೋಲಿ ಹಾಕುವ ನಮ್ಮ ತಾಯಂದಿರಿಗೆ ಇದರಲ್ಲಿ ಹೊಸದೇನೂ ಕಾಣಲಿಕ್ಕಿಲ್ಲ. ಇಷ್ಟನ್ನು ಕಲಿಸಲು ಮೊದಲ ಕೆಲವು ತಿಂಗಳು ಯಂತ್ರವೇ ಬೇಕಾಗಿಲ್ಲ; ಚೀಟಿಗಳೂ ನೆಲದ ಮೇಲಿನ ಸೀಮೆಸುಣ್ಣದ ಗೆರೆಗಳೂ ಸಾಕು. ಮೊಬೈಲು ನೋಡುವುದಕ್ಕೂ ಇದಕ್ಕೂ ಸಂಬಂಧ ಬಹಳ ಕಡಿಮೆ.

ಈ ಭೇದವನ್ನು ಅರಿಯದೆ ಕಡ್ಡಾಯ ಮಾಡಿದರೆ ಏನಾಗುತ್ತದೆಂಬುದಕ್ಕೆ ಇಂಗ್ಲೆಂಡು ಸಾಕ್ಷಿ. ಅಲ್ಲಿ ಈ ವಿಷಯ ಬಹುಕಾಲ ಪಠ್ಯಕ್ರಮದಲ್ಲಿತ್ತು. ಮಕ್ಕಳು ಕಲಿತದ್ದು ಹೆಚ್ಚಾಗಿ ಪತ್ರ ಟೈಪು ಮಾಡುವುದು, ಕೋಷ್ಟಕ ತುಂಬುವುದು. ರಾಯಲ್ ಸೊಸೈಟಿಯು 2012ರಲ್ಲಿ ಇದನ್ನು ಕಟುವಾಗಿ ಟೀಕಿಸಿದ ಮೇಲೆ, 2014ರ ಸೆಪ್ಟೆಂಬರಿನಿಂದ ಐದು ವರುಷದ ಮಕ್ಕಳಿಗೂ ಹೊಸ ಪಠ್ಯ ಬಂದಿತು. ಆಮೇಲೆ ಕಲಿಸಬಲ್ಲ ಶಿಕ್ಷಕರ ಕೊರತೆ ತಲೆದೋರಿತು. ಕಾನೂನನ್ನು ಒಂದು ದಿನದಲ್ಲಿ ಬರೆಯಬಹುದು, ಮಾಸ್ತರರನ್ನು ತಯಾರಿಸಲಾಗುವುದಿಲ್ಲ.

ಅಷ್ಟು ದೂರವೇಕೆ? ನಮ್ಮ ಭಾಷೆಯ ಮಕ್ಕಳೇ ಈ ವಿದ್ಯೆಯನ್ನು ಕನ್ನಡದಲ್ಲಿ ಕಲಿಯುತ್ತಿರುವ ಜಿಲ್ಲೆಯೊಂದಿದೆ. ಅದು ಕಾಸರಗೋಡು. ಕೇರಳವು 2001ರ ಸುಮಾರಿಗೆ ‘ಐಟಿ ಅಟ್ ಸ್ಕೂಲ್’ ಎಂಬ ಯೋಜನೆಯನ್ನು ಕೈಗೊಂಡಿತು. 2017ರಲ್ಲಿ ಅದು ‘ಕೈಟ್’ ಎಂಬ ಸರಕಾರಿ ಕಂಪನಿಯಾಯಿತು. ಮೊದಲು ಪ್ರೌಢಶಾಲೆಗೆ ಬಂದ ವಿಷಯ ಕ್ರಮೇಣ ಕೆಳಗಿನ ತರಗತಿಗಳಿಗೂ ಇಳಿಯಿತು. ಪಠ್ಯಪುಸ್ತಕಗಳನ್ನು ಮಲಯಾಳ, ಇಂಗ್ಲಿಷುಗಳಲ್ಲಿ ಮಾತ್ರವಲ್ಲದೆ ತಮಿಳು, ಕನ್ನಡಗಳಲ್ಲಿಯೂ ತರುತ್ತಾರೆ. 2024ರಲ್ಲಿ ಬಂದ 7ನೆಯ ತರಗತಿಯ ಪುಸ್ತಕದಲ್ಲಿ, ಮುಖದ ಭಾವವನ್ನು ಗುರುತಿಸುವ ಪ್ರೋಗ್ರಾಮನ್ನು ಮಕ್ಕಳೇ ರಚಿಸುವ ಪಾಠವಿದೆ. ನಕ್ಕ ಮುಖ, ಅತ್ತ ಮುಖ ಎಂದು ಯಂತ್ರ ಹೇಳಿದಾಗ, ಅದು ಹೇಗೆ ಹೇಳಿತು, ಎಲ್ಲಿ ತಪ್ಪಿತು ಎಂದು ಹನ್ನೆರಡು ವರುಷದ ಮಗು ವಿಚಾರಿಸಬಹುದು. ಕಾಸರಗೋಡಿನ ಕನ್ನಡಿಗರಿಗೆ ಭಾಷೆಯ ವಿಷಯದಲ್ಲಿ ಬೇರೆ ಕೊರಗುಗಳು ಉಂಟು. ಅವನ್ನು ನಾವು ಮರೆಯಲಾರೆವು. ಆದರೂ ಈ ಒಂದು ಸಂಗತಿಯನ್ನು ಮೆಚ್ಚದೆ ಇರುವುದು ನ್ಯಾಯವಲ್ಲ.

ಅಲ್ಲಿ ಇದು ಸಾಧ್ಯವಾದದ್ದು ಹೇಗೆ? ಶಿಕ್ಷಕರಿಗೆ ವರುಷ ವರುಷವೂ ತರಬೇತಿ ಕೊಟ್ಟರು. ಶಾಲೆಯ ಯಂತ್ರಗಳಿಗೆ ಪರವಾನಗಿ ಶುಲ್ಕವಿಲ್ಲದ ಸ್ವತಂತ್ರ ತಂತ್ರಾಂಶವನ್ನು ಹಾಕಿದರು. ಉಳಿದ ಹಣ ಸಣ್ಣದಲ್ಲ. ಪುಸ್ತಕ ಮಗುವಿನ ಮಾತಿನಲ್ಲಿ ಬಂದಿತು. ಇಡೀ ದೇಶದ ಲೆಕ್ಕ ಬೇರೆಯಾಗಿದೆ: 2023-24ರ ಸರಕಾರಿ ಗಣತಿಯ ಪ್ರಕಾರ, ನಡೆಯುವ ಸ್ಥಿತಿಯ ಕಂಪ್ಯೂಟರು ಇದ್ದದ್ದು ನೂರಕ್ಕೆ 57 ಶಾಲೆಗಳಲ್ಲಿ. ಉಳಿದ ಶಾಲೆಗಳಲ್ಲಿ ಕಡ್ಡಾಯವೆಂದು ಪರೀಕ್ಷೆ ಇಟ್ಟರೆ ಮಕ್ಕಳು ‘ಸಿಪಿಯು ಎಂದರೇನು?’ ಎಂಬುದಕ್ಕೆ ಎರಡು ಅಂಕದ ಉತ್ತರವನ್ನು ಬಾಯಿಪಾಠ ಮಾಡುತ್ತಾರೆ. ಉಳ್ಳವರ ಮಕ್ಕಳು ಮತ್ತೆ ಕ್ಲಾಸಿಗೆ ಹೋಗುತ್ತಾರೆ.

ಆದುದರಿಂದ ಕಡ್ಡಾಯವಾಗಲಿ ಎಂಬ ಪಕ್ಷ ನಮ್ಮದು, ಆದರೆ ಅದು ಮೊದಲು ಶಾಲೆಗೆ ಕಡ್ಡಾಯವಾಗಲಿ: ವಾರಕ್ಕೆ ಎರಡು ತಾಸು, ಅದಕ್ಕೆಂದೇ ತರಬೇತಾದ ಒಬ್ಬ ಶಿಕ್ಷಕ, ತೆರೆದ ಕೋಣೆ. 8ನೆಯ ಇಯತ್ತೆಯವರೆಗೆ ಬರವಣಿಗೆಯ ಪರೀಕ್ಷೆ ಬೇಡ. ಐಚ್ಛಿಕವಾಗಿಯೇ ಇರಲಿ ಎನ್ನುವ ಮಿತ್ರರನ್ನು ನಾವು ಕೇಳುವುದಿಷ್ಟೆ: ಐಚ್ಛಿಕವೆಂದಾಗ ಆ ಇಚ್ಛೆ ಯಾರದು? ಕಾವಲುಗಾರನ ಮಗಳಿಗೆ ಆರಿಸಿಕೊಳ್ಳಲು ಎದುರಿಗೆ ಏನಿದೆ?

2009ರ ಶಿಕ್ಷಣ ಹಕ್ಕು ಕಾಯಿದೆಯಂತೆ ಸರಕಾರಿ ಹಾಗೂ ಮಹಾನಗರಪಾಲಿಕೆಯ ಶಾಲೆಗಳಿಗೆ ಒಂದು ವ್ಯವಸ್ಥಾಪನ ಸಮಿತಿ ಇರಬೇಕು. ಅದರಲ್ಲಿ ನಾಲ್ಕರಲ್ಲಿ ಮೂರು ಪಾಲು ಸದಸ್ಯರು ಪಾಲಕರೇ. ನಮ್ಮ ಸದಸ್ಯರಲ್ಲಿ ಅಂಥ ಸಮಿತಿಯಲ್ಲಿರುವವರು ಮುಂದಿನ ಸಭೆಯಲ್ಲಿ ಆ ಕೋಣೆಯ ಕೀಲಿಕೈ ಯಾರ ಬಳಿ ಇದೆ, ವಾರದಲ್ಲಿ ಯಾವ ತಾಸು ತೆರೆಯುತ್ತದೆ ಎಂದು ಕೇಳಬೇಕು. ಮರಾಠಿ ಬಾರದೆ ಹಿಂಜರಿಯುವ ಪಾಲಕರಿಗೆ ಅರ್ಜಿ ಬರೆದುಕೊಡಲು ನಾವು ಸಿದ್ಧರಿದ್ದೇವೆ.

ಕಾಸರಗೋಡಿನ 7ನೆಯ ತರಗತಿಯ ಕನ್ನಡ ಪುಸ್ತಕದ ಮುದ್ರಿತ ಪ್ರತಿಯೊಂದನ್ನು ಮಕ್ಕಳ ಮೇಜಿನ ಮೇಲೆ ಇರಿಸಿದ್ದೇವೆ. ಒಂದೇ ಪ್ರತಿ ಇರುವುದರಿಂದ ಯಾರೂ ಮನೆಗೆ ಒಯ್ಯಬಾರದಾಗಿ ವಿನಂತಿ.